ಸಹಿಗಾಗಿ ನಾವುಂದಕ್ಕೆ

ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಎಂಟಕ್ಕೆ ಬ್ರಹ್ಮಾವರದಲ್ಲಿ ಬಸ್ಸು ಹತ್ತಿದೆ. ಚೀಲದಲ್ಲಿ ಪ್ಲಾಸ್ಟಿಕ್ ಸುತ್ತಿದ ನನ್ನ ಜಿಗಿತದ ಪುಸ್ತಕ. ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಹಾರಿದ ಒಂದೊಂದು ಸಲವನ್ನೂ ಅದರಲ್ಲಿ ಬರೆದು, ಕಲಿಸಿದವರ ಸಹಿ ಹಾಕಿಸಬೇಕು. ಇಪ್ಪತ್ತೈದು ಜಿಗಿತ ಮುಗಿದಿತ್ತು. ಕೊನೆಯದಕ್ಕೂ ಅರ್ಜಿಗೂ ನನಗೆ ಕಲಿಸಿದ ರಘು ಸರ್ ಸಹಿ ಬಿದ್ದರೆ, ಮೇಲ್ವಿಚಾರಣೆಯಿಲ್ಲದೆ ಹಾರುವ ಲೈಸೆನ್ಸ್. ನಲವತ್ತಾರರ ಪಿ.ಟಿ. ಟೀಚರಿಗೆ ಇದೆಂತ ಹುಚ್ಚು ಎಂದವರ ಬಾಯಿ ಮುಚ್ಚಿಸುವ ಆಸೆ ಜೋರಾಗಿಯೇ ಇತ್ತು.

ಒಂದು ಮಾತು ಮಾತ್ರ ಯಾರಿಗೂ ಹೇಳಿರಲಿಲ್ಲ. ಕೊನೆಯ ಜಿಗಿತದಲ್ಲಿ ಕೈಗೆ ಕಟ್ಟಿದ ಎತ್ತರದ ಮೀಟರ್ ನೋಡುವುದನ್ನೇ ಮರೆತಿದ್ದೆ. ಐದು ಸಾವಿರ ಅಡಿಯಲ್ಲಿ ಬಿಚ್ಚಬೇಕಾದ ಪ್ಯಾರಾಚೂಟನ್ನು ಮೂರೂವರೆ ಸಾವಿರದಲ್ಲಿ ಬಿಚ್ಚಿದೆ. ಪುಸ್ತಕದಲ್ಲಿ ಐದು ಸಾವಿರ ಎಂದೇ ಬರೆದೆ. ಅದೇ ಸಂಜೆ ಮಳೆ ಹಿಡಿದು ತರಬೇತಿ ನಿಂತಿತು, ಸರ್ ತಮ್ಮ ಊರು ನಾವುಂದಕ್ಕೆ ಹೊರಟರು, ಸಹಿ ಬಾಕಿಯಾಯಿತು.

ಕುಂದಾಪುರದಲ್ಲಿ ಬಸ್ಸು ಬದಲಿಸುವ ಮೊದಲು ಬಿಸಿ ಗೋಳಿಬಜೆ ತಿಂದೆ. ಮರವಂತೆಯಲ್ಲಿ ಅಲೆ ರಸ್ತೆಯಂಚಿನ ಕಲ್ಲಿಗೆ ಬಡಿಯುತ್ತಿತ್ತು. ಕಿಟಕಿಯ ಟರ್ಪಾಲು ಇಳಿಸಿದರೂ ಸೀರೆ ಒದ್ದೆ. ನಾವುಂದದಲ್ಲಿ ಇಳಿದಾಗ ಹತ್ತು ಗಂಟೆ.

ಸರ್ ಮನೆ ಕಡಲಿನ ಹತ್ತಿರ. ಜಗಲಿಯಲ್ಲಿ ಅವರ ಅಮ್ಮ ಬಲೆ ಹೊಲಿಯುತ್ತಿದ್ದರು. “ಹ್ವಾಯ್, ಬನಿ ಟೀಚರ್ರೇ, ಕೂಕಣಿ. ಅಂವ ಮೀವುಕೆ ಹೋಯ್ದ” ಎಂದರು. ಸರ್ ಸ್ನಾನಕ್ಕೆ ಹೋಗಿದ್ದರು. ಬಲೆಯ ತುಂಬ ಅಲ್ಲಲ್ಲಿ ಕೆಂಪು ಬಟ್ಟೆಯ ಚೂರು ಕಟ್ಟಿತ್ತು. ಇದೆಂತಕ್ಕೆ ಎಂದು ಕೇಳಿದೆ.

“ಹರ್ದ ಜಾಗ. ಬಲಿ ಎಳ್ದವ್ರೇ ಕಟ್ಟಿ ಕೊಡೂದ್. ಹೇಳ್ದೇ ಮಡ್ಚಿಟ್ರೆ ನಂಗೆ ಹ್ಯಾಂಗೆ ಗೊತ್ತಾತ್ತ್?”

“ಹರಿದದ್ದಕ್ಕೆ ಬೈಯುವುದಿಲ್ಲವಾ ಅಮ್ಮ?”

“ಬೈದ್ರೆ ನಾಳಿಗೆ ಯಾರ್ ಕಟ್ತ್ರ್ ಮಗಾ?”

ನನ್ನ ಮುಖ ಬಿಸಿಯಾಯಿತು. ಅವರು ಕೊಟ್ಟ ಗಂಜಿ, ಒಣ ಸೀಗಡಿ ಚಟ್ನಿ ಬದಿಗಿಟ್ಟು ಚೀಲದಿಂದ ಪುಸ್ತಕ ತೆಗೆದೆ. ಸರ್ ತಲೆ ಒರೆಸುತ್ತ ಬಂದು ಕೂತು, ಪುಸ್ತಕ ಬಿಡಿಸಿ ಪೆನ್ನು ತೆಗೆದರು.

“ಸಹಿ ಹಾಕಬೇಡಿ ಸರ್. ಅಲ್ಲಿ ಬರೆದದ್ದು ಸುಳ್ಳು” ಎಂದು ಎಲ್ಲ ಹೇಳಿಬಿಟ್ಟೆ.

ಅವರು ಪೆನ್ನಿನ ಮುಚ್ಚಳ ಹಾಕಿದರು. “ಗೊತ್ತಿತ್ತ್ ಟೀಚರ್ರೇ. ನಾನ್ ಕೆಳಗ್ ನಿಂತ್ಕಂಡ್ ನಿಮ್ಮನ್ನೇ ಕಾಣ್ತಾ ಇದ್ದಿದ್ದೆ. ಬಿಚ್ಚೂ ಹೊತ್ತ್ ದಾಟಿದ್ ಕೂಡ್ಲೆ ಎಣ್ಸೂಕೆ ಶುರು ಮಾಡ್ದೆ. ಎಂಟರ ತನಕ ಎಣ್ಸಿದೆ. ಕೈಕಾಲೆಲ್ಲ ತಣ್ಣಗಾಯ್ತ್.”

“ಅವತ್ತೇ ಯಾಕೆ ಕೇಳಲಿಲ್ಲ?”

“ನೀವೇ ಹೇಳ್ತ್ರಿ ಅಂದ್ಕಂಡ್ ಕಾದೆ. ಇವತ್ತೂ ಹೇಳ್ದೇ ಇದ್ದಿದ್ರೆ ಇನ್ ಕಲ್ಸ್ತಿರ್ಲಿಲ್ಲ.”

ಸುಳ್ಳು ಅಂಕಿ ಹೊಡೆದುಹಾಕಿ ನಿಜದ್ದು ಬರೆದೆ. ಅದರ ಪಕ್ಕ ಅವರು ಸಹಿ ಮಾಡಿದರು. ಲೈಸೆನ್ಸಿನ ಅರ್ಜಿಯನ್ನು ಮಾತ್ರ ಮಡಚಿ ನನ್ನ ಕೈಗೇ ಕೊಟ್ಟರು. ಮಳೆಗಾಲ ಕಳೆದ ಮೇಲೆ ಇನ್ನೂ ಐದು ಜಿಗಿತ, ಅವರ ಜೊತೆಗೇ ಎಂದರು.

ಮಧ್ಯಾಹ್ನದ ಬಸ್ಸಿನಲ್ಲಿ ಮಗಳ ಫೋನು: “ಲೈಸೆನ್ಸ್ ಆಯ್ತಾ ಅಮ್ಮ?” ಇಲ್ಲ, ತಪ್ಪು ನನ್ನದೇ ಎಂದೆ. ಟರ್ಪಾಲು ಸರಿಸಿ ಹಿಂದೆ ಉಳಿದ ನಾವುಂದದ ಕಡೆ ನೋಡಿದೆ, ಅಳು ಬಂತು. ಆ ಎಂಟು ಸೆಕೆಂಡು ನಾನು ಕೆಳಗಿನ ಗದ್ದೆ, ಕೆರೆ ನೋಡುತ್ತ ಖುಷಿಯಲ್ಲಿದ್ದೆ. ಅಷ್ಟೂ ಹೊತ್ತು ಕೆಳಗೊಬ್ಬರು ನಾನು ಬದುಕಲಿ ಎಂದು ಒಂದು, ಎರಡು, ಮೂರು ಎಣಿಸುತ್ತ ನಿಂತಿದ್ದರು.