ಕಣದಲ್ಲಿ ಹೆಣ್ಣುಹೈಕ್ಳು ಯಾಕಿಲ್ಲ

ಬಾಗಿಲು ಒಸಿ ಮುಂದಕ್ಕೆ ಮಾಡಿ, ಮೆಲ್ಲಗೆ ಹೇಳ್ತೀನಿ. ಯಾರ ತಾವೂ ಬಾಯಿ ಬುಡಬೇಡಿ, ನಿಮ್ಮ ಮನೆದೇವರಾಣೆ.

ರಾವಂದೂರು ಪಕ್ಕದ ನಮ್ಮೂರಿಗೆ ಮೊನ್ನೆ ಒಬ್ಬಳು ಮೇಡಮ್ಮು ಬಂದಿದ್ಲು. ಹೈಕ್ಳಿಗೆ ಆಡೋಕೆ ಜಾಗ ಸಾಕಾ ಅಂತ ನೋಡಿ ಬರ್ಕೊಳ್ಳೋ ಕೆಲಸವಂತೆ. ಅಂಗನವಾಡೀಲಿ ಪಾತ್ರೆ ತೊಳೆಯೋ ನನ್ನನ್ನೇ ಜೊತೆಗೆ ಕಳಿಸಿದ್ರು. ಯಾವ ಮನೇಲಿ ಯಾರು ಯಾರ ಹಿಂದೆ ಬಿದ್ದವ್ರೆ ಅಂತ ದಾರಿಯುದ್ದ ಹೇಳ್ಕೊಂಡೇ ಹೋದೆ. ಅವಳು ಒಂದನ್ನೂ ಬರ್ಕೊಳ್ಳಲಿಲ್ಲ.

ಹೊಗೆಸೊಪ್ಪು ಬೇಯಿಸೋ ಬ್ಯಾರನ್ ಮನೆ ಹಿಂದೆ, ನಮ್ಮನೆ ಎದುರಿಗೆ, ರಾಗಿ ಬಡಿಯೋ ಹಳೇ ಕಣ ಐತೆ. ಅಲ್ಲಿ ಗಂಡುಹೈಕ್ಳು ಗೋಲಿ ಆಡ್ತಿದ್ವು.

"ಜಾಗ ಚೆನ್ನಾಗಿದೆ. ಹೆಣ್ಣುಮಕ್ಕಳು ಒಬ್ಬರೂ ಇಲ್ವಲ್ಲಜ್ಜಿ?"

"ಅವಕ್ಕೆ ಟೀವಿ ಸಾಕು ಕಣವ್ವ. ಅವ್ವಂದಿರು ಸರಿಯಿಲ್ಲ" ಅಂದೆ.

ಪಕ್ಕದ ಮನೆ ಸಾಕಮ್ಮ ಬಾಗಿಲಲ್ಲಿ ಸೊಪ್ಪು ಬಿಡಿಸ್ತಿದ್ಲು. ಅವಳ ಹತ್ತು ವರ್ಷದ ಮಗಳು ಕಿಟಕಿ ಸರಳು ಹಿಡ್ಕೊಂಡು ಗೋಲಿ ಆಟಾನೇ ನೋಡ್ತಿತ್ತು. ಹೋದ ವರ್ಷ ಆ ಮಗು ಇದೇ ಕಣದ ತಾವ ಹುಡುಗ್ರ ಜೊತೆ ಮರಕೋತಿ ಆಡುವಾಗ, ನಮ್ಮ ಜಗಲಿ ಮೇಲಿಂದ "ಗಂಡುಬೀರಿ" ಅಂದಿದ್ದೆ. ಆ ಹೆಸರು ಊರೆಲ್ಲ ಹಬ್ಬಿ, ಸ್ಕೂಲಲ್ಲೂ ಅಂಟ್ಕೊಳ್ತು. ನಾನೇನು ಹಬ್ಬಿಸ್ಲಿಲ್ಲ, ನಾಕು ಮನೇಲಿ ಹೇಳಿದ್ದೆ, ಅಷ್ಟೇಯ.

ಸಾಕಮ್ಮ ಸೊಪ್ಪು ಕೆಳಗಿಟ್ಟು ಎದ್ದು ಬಂದು, ಮೇಡಮ್ಮಿನ ಮುಂದೇನೇ ನನ್ನ ಮುಖಕ್ಕೆ ಅಂದ್ಲು:

"ಕಣ ದೊಡ್ಡದೇ ಐತೆ. ಅದರೆದುರಿಗೆ ನಿನ್ನ ಜಗಲಿ ಐತಲ್ಲಜ್ಜಿ, ಅದ್ಕೇ ನನ್ನ ಮಗಳು ಕಿಟಕೀಲವ್ಳೆ. ಅದನ್ನೂ ಬರೆಸು."