ಚಪ್ಪಲಿ ಹಿಡಿದು ಕುಣಿದದ್ದು

ಮಧ್ಯಾಹ್ನ ಕರೆಂಟು ಹೋದರೆ ಭಾಗ್ಯನಗರದ ನಮ್ಮ ಮನೆಯಲ್ಲಿ ನಾನು ಮೊದಲು ಹುಡುಕುವುದು ಜಪಾನಿನಿಂದ ತಂದ ಕಾಗದದ ಬೀಸಣಿಗೆಯನ್ನು. ಒಂದು ಕಡೆ ಹರಿದಿದೆ, ಗಾಳಿಯೂ ಅಷ್ಟಕ್ಕಷ್ಟೆ. ಆದರೆ ಬೀಸಿದಾಗಲೆಲ್ಲ ನನ್ನ ಮಾನ ಹೋದ ಸಂಜೆಯೊಂದು ನೆನಪಾಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಕುಣಿಯುವ ಪೈಕಿಯವನಲ್ಲ. ಹೆಂಡತಿಯ ತವರು ಇರಕಲ್ಲಗಡ. ಮೊಹರಂ ಹಬ್ಬಕ್ಕೆ ಅಲ್ಲಿ ಊರಿಗೆ ಊರೇ ಬೆಂಕಿ ಉರಿಯುವ ಅಲಾಯಿ ಕುಣಿಯೆಂಬ ಗುಂಡಿಯ ಸುತ್ತ ಹಲಗೆಯ ತಾಳಕ್ಕೆ ಹೆಜ್ಜೆ ಹಾಕುತ್ತದೆ. ಎಲ್ಲರಿಗಿಂತ ಮುಂದೆ ನಮ್ಮ ಮಾವ. "ಅಳಿಯಾರ, ಬರ್ರಿ, ಒಂದು ಸುತ್ತರ ಹಾಕ್ರಿ" ಎಂದು ಪ್ರತಿವರ್ಷ ಕರೆಯುತ್ತಿದ್ದರು. "ನೌಕರಿ ಮಂದಿ ನೋಡಿದ್ರ ಛಲೋ ಕಾಣಂಗಿಲ್ರಿ ಮಾವಾರ" ಎಂದು ನಾನು ಇಸ್ತ್ರಿ ಅಂಗಿಯೊಳಗೆ ಇನ್ನಷ್ಟು ನೆಟ್ಟಗಾಗುತ್ತಿದ್ದೆ. ಆ ನೌಕರಿ ಮಂದಿಯೆಲ್ಲ ಅಷ್ಟೊತ್ತಿಗೆ ಕುಣಿಯುತ್ತಿರುತ್ತಿದ್ದರು, ಅದು ಬೇರೆ ಮಾತು.

ನಿವೃತ್ತಿಯಾದ ಮೇಲೆ ಟೂರಿನವರ ಜೊತೆ ನಾವಿಬ್ಬರೂ ಜಪಾನಿಗೆ ಹೋದೆವು. ಒಂದೂರಿನಲ್ಲಿ ಬೇಸಿಗೆಯ ಬೀದಿ ಹಬ್ಬ. ಕಾಗದದ ದೀಪಗಳು, ಕೆಂಡದ ಮೇಲೆ ಸುಡುವ ತೆನೆಗಳು, ಬಂದವರಿಗೆಲ್ಲ ಒಂದೊಂದು ಬೀಸಣಿಗೆ. ನಡುವೆ ಅಟ್ಟದ ಮೇಲೆ ದೊಡ್ಡ ಡೊಳ್ಳು, ಅದರ ಸುತ್ತ ಕುಣಿಯುವ ಜನ. ತೀರಿಹೋದ ಹಿರಿಯರು ಮನೆಗೆ ಬರುವ ದಿನಗಳಂತೆ ಅವು. ಅವರಿಗಾಗಿ ಈ ಕುಣಿತವಂತೆ. ಗುರುತಿನವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ನಾನೂ ಇಳಿದೆ. ಅಲಾಯಿ ಕುಣಿತಕ್ಕೆ ಬರಿಗಾಲಲ್ಲಿ ಇಳಿಯುವುದು ನಮ್ಮ ರೂಢಿಯಲ್ಲವೇ, ಚಪ್ಪಲಿ ಬದಿಗೆ ಬಿಟ್ಟೆ.

ಅಲ್ಲೇ ಎಡವಟ್ಟಾಯಿತು. ನಾನು ಚಪ್ಪಲಿ ಮರೆತು ಬಿಟ್ಟೆನೆಂದು ತಿಳಿದ ಅಜ್ಜಿಯೊಬ್ಬಳು ಅವನ್ನು ಹಿಡಿದು ಹಿಂದೆಯೇ ಬಂದು, ಬಾಗಿ, ನನ್ನ ಕೈಗಿತ್ತಳು. ಇದೂ ಕುಣಿತದೊಳಗಿನದೇ ಎಂದುಕೊಂಡು ನಾನೂ ಬಾಗಿ ಇಸಿದುಕೊಂಡೆ. ಒಂದೊಂದು ಕೈಯಲ್ಲಿ ಒಂದೊಂದನ್ನು ಎತ್ತಿ ಹಿಡಿದು ಇಡೀ ಸುತ್ತು ಕುಣಿದೆ. ಹೆಂಡತಿ ನಗುತ್ತಲೇ ವಿಡಿಯೋ ಮಾಡಿದಳು.

ನಾವು ಊರು ಮುಟ್ಟುವ ಮೊದಲೇ ಆ ವಿಡಿಯೋ ಇರಕಲ್ಲಗಡ ಮುಟ್ಟಿತ್ತು. ಈ ಸಲ ಮೊಹರಂಗೆ ಹೋದಾಗ ಮಾವ ಕಟ್ಟೆಯ ಮೇಲೆ ಕೂತಿದ್ದರು. ಮೊಣಕಾಲು ಕೈಕೊಟ್ಟು ಅವರ ಕುಣಿತ ನಿಂತಿತ್ತು. ನನ್ನನ್ನು ಕರೆಯಲೂ ಇಲ್ಲ. ಕರೆಯದಿದ್ದದ್ದು ನನಗೆ ಚುಚ್ಚಿತು. ಪಕ್ಕದಲ್ಲಿ ಕೂತು ಬೀಸಣಿಗೆಯಿಂದ ಅವರಿಗೆ ಗಾಳಿ ಹಾಕತೊಡಗಿದೆ.

"ಅಲ್ರಿ, ಕೈಯಾಗ ಚಪ್ಪಲಿ ಹಿಡಕೊಂಡು ಯಾವ ದೇವರ ಮುಂದ ಕುಣದ್ರಿ?" ಎಂದರು ಮಾವ.

"ತಿಳೀಲಿಲ್ರಿ ಮಾವಾರ."

"ಹೆಜ್ಜಿ ಮಾತ್ರ ನನ್ನವ ಅದಾವ. ವಿಡಿಯೋ ಭಾಳ ಸಲ ನೋಡೀನಿ." ಬೀಸಣಿಗೆ ಕಸಿದುಕೊಂಡರು. "ಅಲ್ಲಿ ಸತ್ತವರ ಸಲುವಾಗಿ ಕುಣದ್ರಂತ, ಮಗಳು ಹೇಳ್ಯಾಳ. ಇಲ್ಲಿ ಇನ್ನೂ ಇದ್ದಾಂವನ ಸಲುವಾಗಿ ಒಂದು ಸುತ್ತು ಹಾಕ್ರಿ."

ಹಾಕಿದೆ. ಮಾವ ಬೀಸಣಿಗೆಯನ್ನು ತೊಡೆಗೆ ಬಡಿಯುತ್ತ ತಾಳ ಹಾಕಿದರು. ಅದು ಹರಿದದ್ದು ಆಗಲೇ. ಇವತ್ತೂ ಕರೆಂಟು ಬಂದು ಬಹಳ ಹೊತ್ತಾಯಿತು, ಬೀಸಣಿಗೆ ಕೆಳಗಿಡಲು ಮನಸ್ಸಾಗುತ್ತಿಲ್ಲ.