ತಾನೇ ಸರಿಹೋಗುವ ಮನೆ

ಬೆಳಕು ಹರಿಯುವ ಮೊದಲು ಅವಳ ಕೆಲಸಗಳು ಇವು: ಬಾಗಿಲ ಚಿಲಕವನ್ನು ಸದ್ದಾಗದಂತೆ ತೆಗೆಯುವುದು, ಹಾಲಿನ ಪ್ಯಾಕೆಟ್ ಒಳಗೆ ತರುವುದು, ಹಾಲು ಉಕ್ಕದಂತೆ ಒಂದು ಕಣ್ಣಿಟ್ಟುಕೊಂಡೇ ರಾತ್ರಿಯ ಪಾತ್ರೆ ತೊಳೆಯುವುದು, ಅತ್ತೆಯ ಮೊಣಕಾಲಿಗೆ ಬಿಸಿನೀರಿನ ಚೀಲ ತುಂಬುವುದು, ಗಂಡನ ಅಂಗಿಗೆ ಇಸ್ತ್ರಿ ಹಾಕುವುದು, ಡಬ್ಬಿಗೆ ತರಕಾರಿ ಹೆಚ್ಚುವುದು, ಒಂಟಿ ಕಾಲುಚೀಲದ ಜೋಡಿ ಹುಡುಕುವುದು, ಮತ್ತು ಇದೆಲ್ಲ ನಡೆಯುವಾಗ ಯಾರಿಗೂ ಎಚ್ಚರವಾಗದಂತೆ ನೋಡಿಕೊಳ್ಳುವುದು. ಕೊನೆಯದೇ ಎಲ್ಲಕ್ಕಿಂತ ಕಷ್ಟದ್ದು. ಸದ್ದು ಕೇಳಿಸಿಬಿಟ್ಟರೆ ಕೆಲಸ ಮಾಡುವವರು ಒಬ್ಬರಿದ್ದಾರೆಂದು ತಿಳಿದುಹೋಗುತ್ತದಲ್ಲ!

ಗಂಡ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಮೇಷ್ಟ್ರು. ಅವರದು ಕಾರ್ಯವಾದ. ಸಮಾಜವೆಂದರೆ ಒಂದು ಮೈ ಇದ್ದಂತೆ, ಪ್ರತಿ ಅಂಗಕ್ಕೂ ಅದರದೇ ಕೆಲಸ, ಒಂದು ಸೋತರೆ ಉಳಿದವು ಅದರ ಭಾರ ಹೊತ್ತು ಸಮತೋಲ ಕಾಯುತ್ತವೆ ಎಂದು ತರಗತಿಯಲ್ಲೂ ಹೇಳುತ್ತಿದ್ದರು, ಊಟದ ಮೇಜಿನಲ್ಲೂ ಹೇಳುತ್ತಿದ್ದರು.

"ಹಾಗಾದ್ರೆ ಈ ಮನೇಲಿ ನೀನು ಯಾವ ಅಂಗವೋ?" ಎಂದು ಅತ್ತೆ ಒಮ್ಮೆ ಮಗನನ್ನು ಕೇಳಿದ್ದರು.

"ತಲೆ, ಅಮ್ಮ."

"ಅದಕ್ಕೇ ಎದ್ದು ಒಂದು ಲೋಟ ನೀರು ತಗೊಳ್ಳೋಕಾಗಲ್ಲ. ತಲೆಗೆ ಕಾಲೆಲ್ಲಿಂದ ಬರ್ಬೇಕು?"

ಹೋದ ವರ್ಷ ಅವಳು ತಂಗಿಯ ಹೆರಿಗೆಗೆಂದು ಒಂದು ವಾರ ಊರಿಗೆ ಹೋಗಿದ್ದಳು. ಮನೆ ಕೂದಲೆಳೆಯಷ್ಟೂ ಕದಲಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಬಂತು, ಅಂಗಿಗಳು ಗರಿಗರಿಯಾಗಿಯೇ ಇದ್ದವು. ಮೇಷ್ಟ್ರು ಬೆರಗಾಗಿ 'ತಾನೇ ಸರಿಹೋಗುವ ಮನೆ' ಎಂಬ ಲೇಖನ ಬರೆದರು. ವಿಚಾರಸಂಕಿರಣದಲ್ಲಿ ಓದಿ ಚಪ್ಪಾಳೆ ಗಿಟ್ಟಿಸಿದರು. ಅವಳು ಹೊರಡುವ ಮುನ್ನ ಫ್ರಿಜ್ಜಿನ ತುಂಬ ಡಬ್ಬಿ ಜೋಡಿಸಿದ್ದು, ವಾರದ ಅಂಗಿಗಳಿಗೆ ಒಟ್ಟಿಗೇ ಇಸ್ತ್ರಿ ಹಾಕಿದ್ದು, ಹಿಟ್ಟಿನ ಡಬ್ಬ ಕೊಟ್ಟು ಪಕ್ಕದ ಮನೆಯಾಕೆಯ ಬಳಿ ರೊಟ್ಟಿಗೆ ಗೋಗರೆದದ್ದು ಲೇಖನದಲ್ಲಿರಲಿಲ್ಲ. ಮಗ ಸ್ನಾನಕ್ಕೆ ಹೋದಾಗಲೆಲ್ಲ ಅತ್ತೆ ಪಾತ್ರೆ ತೊಳೆದು ಮಣಿಕಟ್ಟು ಊದಿಸಿಕೊಂಡದ್ದೂ ಇರಲಿಲ್ಲ. ಹೇಳಿದವರು ಯಾರು? ಸದ್ದು ಮಾಡದಿರುವುದೇ ಆ ಮನೆಯ ಪದ್ಧತಿ.

ಈಗ ಮೂಲೆಯ ಬೇಕರಿಯಾಕೆ ಅವಳನ್ನು ಕೆಲಸಕ್ಕೆ ಕರೆದಿದ್ದಳು. "ಬೆಳಗಿನ ಜಾವದ ಪಾಳಿಗೆ ಬಾರಮ್ಮ. ಹಿಟ್ಟು ನಿನ್ನ ಕೈ ಮಾತು ಕೇಳುತ್ತೆ. ಸೋಮವಾರ ಬರ್ದೇ ಇದ್ರೆ ಬೇರೆಯವರನ್ನ ಇಟ್ಕೋತೀನಿ, ಬೇಜಾರು ಮಾಡ್ಕೋಬೇಡ." ಅವಳಿಗೆ ಆ ಕೆಲಸ ಬೇಕೇಬೇಕಿತ್ತು. ಅಲ್ಲಿ ಮಾಡಿದ್ದು ಗಾಜಿನ ಪೆಟ್ಟಿಗೆಯೊಳಗೆ ಕಾಣಿಸುತ್ತದೆ. ಜನ ಬೆರಳು ತೋರಿಸಿ ಕೇಳುತ್ತಾರೆ.

ಭಾನುವಾರ ಮಧ್ಯಾಹ್ನ ಬಡಿಸುತ್ತ ವಿಷಯ ಎತ್ತಿದಳು. ಅಂದು ಊಟಕ್ಕೆ ಮೇಷ್ಟ್ರ ಸಹೋದ್ಯೋಗಿಯೂ ಬಂದಿದ್ದರು. ಅವರದು ಸಂಘರ್ಷವಾದ.

"ಬೆಳಗಿನ ಜಾವವಾ? ಇವಳೇ, ಮನೆಯ ಸಮತೋಲ ಏನಾಗ್ಬೇಕು?" ಎಂದರು ಮೇಷ್ಟ್ರು.

ಸಂಘರ್ಷದವರು ಮೇಜು ಕುಟ್ಟಿದರು. "ಸಮತೋಲವಂತೆ! ಇದು ಶುದ್ಧ ಶೋಷಣೆ ಕಣಯ್ಯ. ಅತ್ತಿಗೆ, ಮನೆಯೇ ಮೊದಲ ಕಾರ್ಖಾನೆ. ನೀವು ದಂಗೆ ಏಳ್ಬೇಕು." ತಟ್ಟೆ ಮುಂದೆ ತಳ್ಳಿದರು. "ಅದಕ್ಕೆ ಮುಂಚೆ ಇನ್ನೊಂಚೂರು ಬಡಿಸಿಬಿಡಿ."

"ನಿನ್ನ ಹೆಂಡ್ತಿ ಯಾಕಪ್ಪ ಬರ್ಲಿಲ್ಲ?" ಅತ್ತೆ ವಿಚಾರಿಸಿದರು.

"ಬಟ್ಟೆ ಒಗೆಯೋದಿತ್ತಂತೆ, ಅಮ್ಮ."

"ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ" ಎಂದು ಅತ್ತೆ ಗೋಡೆಗೆ ಹೇಳಿದರು.

ಮೇಷ್ಟ್ರಿಬ್ಬರೂ ಅವಳ ವಿಷಯವಾಗಿಯೇ ಸಂಜೆಯವರೆಗೆ ವಾದಿಸಿದರು. ಅವಳನ್ನು ಮಾತ್ರ ಏನೂ ಕೇಳಲಿಲ್ಲ. ಇಬ್ಬರ ಎಂಜಲು ತಟ್ಟೆಗಳೂ ಮೇಜಿನ ಮೇಲೇ ಒಣಗಿದವು.

ಅತಿಥಿ ಹೋದ ಮೇಲೆ ಅವಳೆಂದಳು: "ರೀ, ಒಂದು ಅಂಗ ಇಲ್ದಿದ್ರೂ ಮನೆ ತಾನೇ ಸರಿಹೋಗುತ್ತೆ ಅಂತ ನೀವೇ ಬರೆದಿದ್ದೀರಲ್ಲ?"

ಮೇಷ್ಟ್ರು ಕನ್ನಡಕ ಒರೆಸಿದರು. ಬೇಡವೆಂದರೆ ಲೇಖನವನ್ನು ತಮ್ಮ ಕೈಯಾರೆ ಹರಿದಂತೆ. "ಅದು... ತಾತ್ವಿಕವಾಗಿ... ಆಯ್ತು, ಹೋಗು. ಒಂದು ವಾರ ಪ್ರಯೋಗ. ಮನೆ ಕೆಟ್ರೆ ಮಾತ್ರ ಕೆಲಸ ಬಿಟ್ಬಿಡ್ಬೇಕು."

ಅವಳು ಒಳಗೆ ಬಂದಾಗ ಅತ್ತೆ ಸೀರೆ ಮಡಚಿ ಚೀಲಕ್ಕೆ ತುರುಕುತ್ತಿದ್ದರು. "ನಾನು ರಾತ್ರಿ ಬಸ್ಸಿಗೆ ಮಗಳ ಮನೆಗೆ ಹೋಗ್ತೀನಿ ಕಣೇ. ಹೋದ ಸಲ ನಿನ್ನ ಗಂಡನ ಸಿದ್ಧಾಂತ ನಿಂತಿದ್ದು ನನ್ನ ಮಣಿಕಟ್ಟಿನ ಮೇಲೆ. ಈ ಸಲ ಅದು ಸಿಗಲ್ಲ."

"ನಾನೇನು ಮಾಡ್ಲಿ, ಅತ್ತೆ?"

"ನನ್ನನ್ನ ಕೇಳ್ಬೇಡ. ಇಷ್ಟು ವರ್ಷ ಕೇಳಿದ್ದು ಸಾಕು."

ಅತ್ತೆಯನ್ನು ಬಸ್ಸು ಹತ್ತಿಸಿ ಬಂದವಳ ಕೈ ತಾನಾಗಿಯೇ ಡಬ್ಬಿಗಳನ್ನು ಕೆಳಗಿಳಿಸಿತು. ಹೋದ ಸಲದಂತೆ ಕದ್ದುಮುಚ್ಚಿ ಎಲ್ಲ ಮಾಡಿಟ್ಟರೆ ಮನೆ ಕೆಡುವುದಿಲ್ಲ, ಕೆಲಸ ಉಳಿಯುತ್ತದೆ. ಹಿಟ್ಟಿನ ಡಬ್ಬ ಎತ್ತಿಕೊಂಡು ಪಕ್ಕದ ಮನೆ ಬಾಗಿಲಿಗೆ ಹೋದಳು. ಒಳಗೆ ನಲ್ಲಿ ಸುರಿಯುವ ಸದ್ದು, ಪಾತ್ರೆಯ ಸದ್ದು. ಆಕೆ ಯಾರಿಗೋ "ಬಂದೆ, ಬಂದೆ" ಎನ್ನುತ್ತಿದ್ದಳು. ಬಾಗಿಲು ಬಡಿಯಲು ಎತ್ತಿದ ಕೈ ಅಲ್ಲೇ ನಿಂತಿತು. ಈ ವಾರ ಮನೆಯನ್ನು ಕದ್ದು ಎತ್ತಿಹಿಡಿದರೆ ಪ್ರತಿ ವಾರವೂ ಎತ್ತಿಹಿಡಿಯಬೇಕು. ಬೇಕರಿಯಿಂದ ಬಂದು ಇಲ್ಲಿ, ಇಲ್ಲಿಂದ ಬೇಕರಿಗೆ. ಆಗ ಇನ್ನೊಂದು ಲೇಖನ, ಇನ್ನಷ್ಟು ಚಪ್ಪಾಳೆ.

ಕೈ ಇಳಿಸಿದಳು. ಹಿಟ್ಟಿನ ಡಬ್ಬ ಮರಳಿ ಕಪಾಟು ಸೇರಿತು. ಮೇಜಿನ ಮೇಲಿನ ತಟ್ಟೆಗಳನ್ನು ಮುಟ್ಟಲಿಲ್ಲ. ಮನೆ ಕೆಟ್ಟರೆ ಕೆಡಲಿ. ಕೆಡದೆ ಅದನ್ನು ಹೊತ್ತ ಮೈಯೊಂದಿದೆಯೆಂದು ಯಾರಿಗೂ ಗೊತ್ತಾಗುವುದಿಲ್ಲ. ಕೆಲಸವಂತೂ ಬಿಡುವುದಿಲ್ಲ, ಅವರು ಹಾಕಿದ ಷರತ್ತು ಅವರದು.

ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು, ತಲೆ ಬಾಚಿ, ಚಪ್ಪಲಿ ಮೆಟ್ಟಿದಳು. ಚಿಲಕದ ಮೇಲೆ ಕೈಯಿಟ್ಟಳು. ಎಷ್ಟೋ ವರ್ಷಗಳಿಂದ ಮೆಲ್ಲಗೆ ಎತ್ತಿ, ಉಸಿರು ಬಿಗಿಹಿಡಿದು ಸರಿಸುತ್ತಿದ್ದ ಚಿಲಕ ಅದು.

ಇಂದು ಒಮ್ಮೆಲೇ ಎಳೆದಳು. ಮನೆಯಿಡೀ ಕೇಳಿಸುವಂತೆ ಅದು ಖಟಾರೆಂದಿತು. ಒಳಕೋಣೆಯಿಂದ ನಿದ್ದೆಗಣ್ಣಿನ ದನಿ, "ಇವಳೇ, ಏನದು ಸದ್ದು?"

ಅವಳು ಹಾಲಿನ ಪ್ಯಾಕೆಟ್ ದಾಟಿಕೊಂಡು ಬೀದಿಗಿಳಿದಳು.